ಅಗ್ನಿಶಾಸ್ತ್ರದ ಅಧ್ಯಯನ ಮತ್ತು ಸಣ್ಣ ಉದ್ದಿಮೆದಾರರು

ಲೆಕ್ಕಪತ್ರದಲ್ಲಿ ದಾಸ್ತಾನು ಒಂದು ಆಸ್ತಿ. ಅಗ್ನಿಶಾಸ್ತ್ರದ ದೃಷ್ಟಿಯಲ್ಲಿ ಅದು ಇಂಧನ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವ್ಯಾಪಾರಸ್ಥರು ಈ ಎರಡೂ ದೃಷ್ಟಿಗಳನ್ನು ಅರಿತಿರುವುದು ಅಗತ್ಯ.

1. ಶಾಸ್ತ್ರದ ಮೂಲತತ್ವ: ಬೆಂಕಿಗೆ ಇಂಧನ, ಆಮ್ಲಜನಕ ಹಾಗೂ ಉಷ್ಣ ಈ ಮೂರೂ ಬೇಕು. ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಯಾವುದನ್ನು ತೆಗೆಯಬೇಕೆಂಬುದು ಸರಕನ್ನು ಅವಲಂಬಿಸಿದೆ. ಕಟ್ಟಿಗೆ, ಕಾಗದ, ಬಟ್ಟೆಗಳನ್ನು ನೀರು ತಣಿಸುತ್ತದೆ. ಆದರೆ ಕರದಂಟಿನ ಅಂಟು ಹುರಿಯುವ ಬಾಣಲೆಯಲ್ಲಿ ತುಪ್ಪ ಹೊತ್ತಿಕೊಂಡಾಗ ನೀರು ಸುರಿದರೆ, ಅದು ಕ್ಷಣದಲ್ಲಿ ಆವಿಯಾಗಿ ಉರಿಯುವ ತುಪ್ಪವನ್ನು ಎಲ್ಲೆಡೆ ಸಿಡಿಸುತ್ತದೆ. ಅಲ್ಲಿ ಒಲೆ ಆರಿಸಿ ಮುಚ್ಚಳ ಮುಚ್ಚುವುದೇ ಸರಿಯಾದ ಕ್ರಮ. ಹತ್ತಿಯ ಬೇಲು ಮೇಲೆ ಆರಿದಂತೆ ಕಂಡರೂ ಒಳಗೆ ಹೊಗೆಯಾಡುತ್ತಿರುತ್ತದೆ. ಕಬ್ಬಿನ ಸಿಪ್ಪೆಯ ದೊಡ್ಡ ರಾಶಿಯು ಕಿಡಿಯಿಲ್ಲದೆಯೂ ತಾನಾಗಿಯೇ ಕಾವೇರಬಲ್ಲದು.

ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 1944ರ ಏಪ್ರಿಲ್ 14ರಂದು ಸಿಡಿದ ಫೋರ್ಟ್ ಸ್ಟಿಕೈನ್ ಹಡಗಿನಲ್ಲಿ ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಸಾಗಿಸಲಾಗುತ್ತಿತ್ತು. ಅಂದು ಮಡಿದ ಅಗ್ನಿಶಾಮಕರ ಸ್ಮರಣೆಗಾಗಿ ಪ್ರತಿ ವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ.

2. ಅಧ್ಯಯನದ ಅವಕಾಶ: ಅಮೆರಿಕದಲ್ಲಿ ಅಗ್ನಿಶಾಸ್ತ್ರಕ್ಕೆ ಎರಡು ವರ್ಷಗಳ ಅಸೋಸಿಯೇಟ್ ಪದವಿಯಿದೆ. ನಮ್ಮಲ್ಲಿ 1956ರಲ್ಲಿ ಸ್ಥಾಪನೆಗೊಂಡ, ಈಗ ನಾಗಪುರದಲ್ಲಿರುವ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಈ ವಿದ್ಯೆಯ ಪ್ರಮುಖ ಕೇಂದ್ರ. ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಅಕಾಡೆಮಿಯಿದೆ. ಖಾಸಗಿ ಡಿಪ್ಲೊಮಾಗಳಿಗೆ ಹಣ ಕಟ್ಟುವ ಮುನ್ನ, ಅವುಗಳಿಗೆ ಯಾವ ವಿಶ್ವವಿದ್ಯಾಲಯ ಅಥವಾ ಸರಕಾರಿ ಮಂಡಳಿಯ ಮಾನ್ಯತೆಯಿದೆ ಎಂಬುದನ್ನು ಪಾಲಕರು ಲಿಖಿತವಾಗಿ ಪಡೆಯಬೇಕು.

3. ಹಾನಿಯ ಲೆಕ್ಕ: ದಾಸ್ತಾನಿನ ಮೌಲ್ಯ 40 ಲಕ್ಷ ರೂ., ವಿಮಾ ಮೊತ್ತ 25 ಲಕ್ಷ ರೂ., ಬೆಂಕಿಯಿಂದಾದ ಹಾನಿ 8 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ವಿಮೆ ಹಾನಿಗಿಂತ ಹೆಚ್ಚಿದೆಯಾದ್ದರಿಂದ ಪೂರ್ಣ ಪರಿಹಾರ ದೊರೆಯುವುದೆಂದು ಹಲವರು ಭಾವಿಸುತ್ತಾರೆ. ಸರಾಸರಿ ಷರತ್ತಿನಂತೆ ದೊರೆಯುವುದು 8 × 25 ÷ 40, ಅಂದರೆ 5 ಲಕ್ಷ ಮಾತ್ರ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ. ಇಲ್ಲಿನ ಕೊರತೆ ಶೇ. 37.5. ಜೊತೆಗೆ, ಸುಟ್ಟುಹೋದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಹಿಂದಿರುಗಿಸಬೇಕು. ಶೇ. 5ರ ತೆರಿಗೆಯ ಸರಕಾದರೆ ಮತ್ತೆ 40,000 ರೂ. ಹೊರೆ.

4. ಕರ್ತವ್ಯ: ಕಾರ್ಮಿಕರಿಗೆ ಪಾರಾಗುವ ಮಾರ್ಗದ ಪರಿಚಯ ಮತ್ತು ತರಬೇತಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮೇ ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ಹೊಸ ಸಂಹಿತೆ ಬಂದಿದ್ದರೂ ಈ ಕರ್ತವ್ಯ ತಪ್ಪಿಲ್ಲ. ಪ್ರತಿ ಘಟಕವೂ ಕನಿಷ್ಠ ಇಬ್ಬರಿಗೆ, ಪಾಳಿ ಇದ್ದಲ್ಲಿ ಪ್ರತಿ ಪಾಳಿಯಲ್ಲಿ ಒಬ್ಬರಿಗೆ, ನಂದಕ ಬಳಸುವ ತರಬೇತಿ ಕೊಡಿಸಲಿ. ಹಿಂಬಾಗಿಲಿಗೆ ಮೂಟೆ ಒಟ್ಟದಿರಲಿ. ವಿಮಾ ಮೊತ್ತವನ್ನು ಸುಗ್ಗಿಯ ದಾಸ್ತಾನಿಗೆ ಅನುಗುಣವಾಗಿ ಪರಿಷ್ಕರಿಸಲಿ, ದಾಸ್ತಾನು ಪುಸ್ತಕದ ಪ್ರತಿಯೊಂದನ್ನು ಬೇರೆ ಕಟ್ಟಡದಲ್ಲಿಡಲಿ. ಸರಕಿಗೆ ವಿಮೆಯುಂಟು, ಒಳಗೆ ಸಿಲುಕಿದ ಕೂಲಿಕಾರನ ಜೀವಕ್ಕೆ ತೆರೆದ ಬಾಗಿಲೇ ರಕ್ಷೆ.