ಕಡಲತೀರದಲ್ಲಿ ದೇಶವ್ರತ: ಗೂಡಿನ ಹಕ್ಕಿಯೂ ನಮ್ಮ ಛಾಯಾಚಿತ್ರವೂ

ಮನೆಯಲ್ಲಿರುವಾಗ ಶ್ರಾವಕನ ವ್ರತಪಾಲನೆಗೆ ಒಂದು ಕ್ರಮವಿರುತ್ತದೆ. ನೀರನ್ನು ಸೋಸಿ ಕುಡಿಯುತ್ತೇವೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತೇವೆ. ಅಷ್ಟಮಿ ಚತುರ್ದಶಿಗಳನ್ನು ಮರೆಯುವುದಿಲ್ಲ. ರಜೆಯಲ್ಲಿ ಪ್ರವಾಸ ಹೊರಟಾಗ ಈ ಕ್ರಮಕ್ಕೆ ಪರೀಕ್ಷೆ ಬರುತ್ತದೆ. ಕಾರ್ಕಳ, ಮೂಡುಬಿದಿರೆ, ವೇಣೂರುಗಳ ದರ್ಶನ ಮುಗಿಸಿ ಮಕ್ಕಳ ಸಂತೋಷಕ್ಕಾಗಿ ಕಡಲತೀರಕ್ಕೆ ಇಳಿಯುವ ಕುಟುಂಬಗಳು ಅನೇಕ. ಆಹಾರದ ನಿಯಮವನ್ನು ಅವರು ಅಲ್ಲಿಯೂ ಪಾಲಿಸುತ್ತಾರೆ. ಆದರೆ ಕಣ್ಣಿಗೂ ಕೈಗೂ ನಿಯಮವುಂಟೆಂಬುದು ಮರೆತುಹೋಗುತ್ತದೆ. ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿರುವ ಈ ಕಾಲದಲ್ಲಿ, ಗೂಡಿನಲ್ಲಿರುವ ಕಾಡುಹಕ್ಕಿಯ ಛಾಯಾಚಿತ್ರ ತೆಗೆಯುವುದು ವ್ರತದೃಷ್ಟಿಯಿಂದ ಎಂಥದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ವ್ರತಗಳ ಸ್ವರೂಪ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಿಗ್ವ್ರತ, ದೇಶವ್ರತ, ಅನರ್ಥದಂಡವಿರತಿ ಈ ಮೂರನ್ನು ಒಟ್ಟಿಗೆ ಹೇಳುತ್ತದೆ. ಜೀವಾವಧಿಗೆ ದಿಕ್ಕುಗಳ ಮಿತಿಯನ್ನು ಹಾಕಿಕೊಳ್ಳುವುದು ದಿಗ್ವ್ರತ. ಆ ಮಿತಿಯೊಳಗೇ ‘ಇಂದು ಇಷ್ಟು, ಈ ಹೊತ್ತಿಗೆ ಇಷ್ಟು’ ಎಂದು ಮತ್ತೆ ಸಂಕೋಚ ಮಾಡಿಕೊಳ್ಳುವುದು ದೇಶವ್ರತ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದನ್ನೇ ದೇಶಾವಕಾಶಿಕವೆಂದು ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಎಣಿಕೆ ಬೇರೆಯಾದರೂ ಆಶಯ ಒಂದೇ. ಪ್ರಯೋಜನವಿಲ್ಲದೆ ಜೀವಗಳಿಗೆ ಪೀಡೆಯುಂಟುಮಾಡುವ ನಡತೆಯನ್ನು ಬಿಡುವುದು ಅನರ್ಥದಂಡವಿರತಿ.

ಅಡಿಗೆ, ಬೇಸಾಯ, ವ್ಯಾಪಾರಗಳಲ್ಲಿ ಗೃಹಸ್ಥನಿಗೆ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಅವುಗಳ ಹಿಂದೆ ಜೀವನದ ಪ್ರಯೋಜನವಿದೆ. ಆದರೆ ರಜೆಯ ದಿನ ಗೂಡಿನ ಬಳಿ ನಿಂತು ಚಿತ್ರ ತೆಗೆಯದಿದ್ದರೆ ಯಾರ ಸಂಸಾರವೂ ನಿಲ್ಲುವುದಿಲ್ಲ. ಆದುದರಿಂದ ಅದರಿಂದಾಗುವ ಪೀಡೆಯು ಅನರ್ಥದಂಡವೇ ಆಗುತ್ತದೆ. ಉದ್ದೇಶವಿಲ್ಲದೆ ಅಲೆಯುವುದನ್ನೂ ಆಚಾರ್ಯರು ಪ್ರಮಾದಚರ್ಯೆಯಲ್ಲಿ ಸೇರಿಸಿರುವುದನ್ನು ಇಲ್ಲಿ ಸ್ಮರಿಸಬೇಕು.

ಗೂಡಿನಲ್ಲಿರುವ ಜೀವ

ಹಕ್ಕಿಯು ಸಂಜ್ಞೀ ಪಂಚೇಂದ್ರಿಯ ತಿರ್ಯಂಚ ಜೀವ. ನಮ್ಮಂತೆಯೇ ಅದಕ್ಕೂ ಹತ್ತು ಪ್ರಾಣಗಳು. ಅಂಡಜಗಳ ಜನ್ಮವನ್ನು ಆಗಮವು ಗರ್ಭಜನ್ಮವೆಂದು ಹೇಳುತ್ತದೆ. ಆದುದರಿಂದ ಕಾವಿನಲ್ಲಿರುವ ಮೊಟ್ಟೆಯನ್ನು ಕಲ್ಲಿನಂತೆ ಬರಿಯ ವಸ್ತುವೆಂದು ತಿಳಿಯಬಾರದು; ಅದರೊಳಗೆ ಒಂದು ಜೀವವು ತನ್ನ ಶರೀರವನ್ನು ಕಟ್ಟಿಕೊಳ್ಳುತ್ತಿದೆ.

ಎಲ್ಲರೂ ಬಲ್ಲ ಕೆಂಪು ಟಿಟ್ಟಿಭವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಂಚತಂತ್ರದ ಕಥೆಯಲ್ಲಿ ಟಿಟ್ಟಿಭ ದಂಪತಿಗಳು ಕಡಲ ದಂಡೆಯಲ್ಲಿ ಇಟ್ಟ ಮೊಟ್ಟೆಗಳನ್ನು ಸಮುದ್ರವು ಅಪಹರಿಸಿತು. ಈ ಹಕ್ಕಿಯು ಮರವೇರಿ ಗೂಡು ಕಟ್ಟುವುದಿಲ್ಲ. ನೀರಿನ ಸಮೀಪದ ಬಯಲು, ಗದ್ದೆಯ ಅಂಚು, ಕಲ್ಲುಹರಳಿನ ನೆಲ ಇವುಗಳಲ್ಲಿ ಸಣ್ಣ ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಅವು ನೆಲದ ಬಣ್ಣದೊಡನೆ ಬೆರೆತುಹೋಗುವುದರಿಂದ ಕಾಲ ಬುಡದಲ್ಲಿದ್ದರೂ ಕಾಣವು. ಕಾವಿನ ಕಾಲ ಸುಮಾರು ೨೮ರಿಂದ ೩೦ ದಿನಗಳು. ಮಾರ್ಚಿಯಿಂದ ಮಳೆಗಾಲದವರೆಗೆ ಇದರ ಸಂತಾನಕಾಲ. ಅಂದರೆ ಶಾಲೆಗಳ ಬೇಸಿಗೆ ರಜೆಯೂ ಅದರ ಕಾವಿನ ದಿನಗಳೂ ಒಂದೇ.

ಮೇ ತಿಂಗಳ ಬಿಸಿಲಿನಲ್ಲಿ ಈ ಹಕ್ಕಿಯ ಕೆಲಸವೇನು? ಮೊಟ್ಟೆಗೆ ಶಾಖ ಕೊಡುವುದಷ್ಟೇ ಅಲ್ಲ, ಮೊಟ್ಟೆಯು ಬೇಯದಂತೆ ಕಾಯುವುದು. ಗಂಡು ಹೆಣ್ಣುಗಳೆರಡೂ ಸರದಿಯಲ್ಲಿ ನೆರಳಾಗಿ ನಿಲ್ಲುತ್ತವೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ನಾವು ‘ಇನ್ನೊಂದು ಚಿತ್ರ’ ಎಂದು ಅಲ್ಲಿ ನಿಂತಷ್ಟು ಹೊತ್ತು ಆ ನೆರಳು ತಪ್ಪುತ್ತದೆ. ಹಕ್ಕಿಯು ತಲೆಯ ಮೇಲೆ ಕೂಗುತ್ತ ಸುತ್ತುವುದನ್ನು ಕಂಡು ಮಕ್ಕಳು ನಗಬಹುದು. ಅದು ಭಯದ ಕೂಗು.

ಇನ್ನೊಂದು ಉದಾಹರಣೆ, ಬಿಳಿ ಹೊಟ್ಟೆಯ ಕಡಲ ಹದ್ದು. ನಮ್ಮ ಕರಾವಳಿಯ ಎತ್ತರದ ಮರಗಳಲ್ಲಿಯೂ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿಯೂ ಇದು ಗೂಡು ಕಟ್ಟುತ್ತದೆ. ಅದೇ ಗೂಡಿಗೆ ವರ್ಷವರ್ಷವೂ ಕಡ್ಡಿ ಸೇರಿಸಿ ಬಳಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವಿಗೆ ಸುಮಾರು ಆರು ವಾರ. ಸಂತಾನಕಾಲದ ಆರಂಭದಲ್ಲಿ ಜನಸಂಚಾರದ ಕಾಟವಾದರೆ ಇದು ಗೂಡನ್ನೇ ತೊರೆಯುವುದುಂಟು.

ಶಂಕೆ-ಸಮಾಧಾನ

ಶಂಕೆ: ನಾವು ಮುಟ್ಟುವುದಿಲ್ಲ, ಹೊಡೆಯುವುದಿಲ್ಲ. ನೋಡಿದ ಮಾತ್ರಕ್ಕೆ ಹಿಂಸೆ ಹೇಗೆ?

ಸಮಾಧಾನ: ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆ. ಹಕ್ಕಿಯು ನಮ್ಮಿಂದ ಹೆದರಿ ಹಾರಿದಾಗ ಕಾಗೆಗೆ ಮೊಟ್ಟೆಯ ದಾರಿ ತೆರೆಯುತ್ತದೆ. ಹಾರಲು ಬಾರದ ಮರಿಯು ಬೆದರಿ ಗೂಡಿನಿಂದ ಕೆಳಗೆ ಧುಮುಕುವುದೂ ಉಂಟು. ತಂದೆ ತಾಯಿಗಳು ಬಾಯಲ್ಲಿ ಆಹಾರ ಹಿಡಿದು ದೂರದಲ್ಲೇ ಕುಳಿತರೆ ಮರಿಗೆ ಉಪವಾಸ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಹಟ್ಟಿಯ ದನಕ್ಕೆ ಮೇವು ತಪ್ಪಿಸುವುದು ದೋಷವಾದರೆ, ಗೂಡಿನ ಮರಿಗೆ ಆಹಾರ ತಪ್ಪಿಸುವುದು ಹೇಗೆ ನಿರ್ದೋಷವಾದೀತು?

ಶಂಕೆ: ಹಕ್ಕಿ ಹಾರಲೇ ಇಲ್ಲ, ನಿಶ್ಚಲವಾಗಿ ಕುಳಿತಿತ್ತು. ಅದಕ್ಕೆ ಭಯವಿಲ್ಲವಲ್ಲ?

ಸಮಾಧಾನ: ಕಾವಿನ ಹಕ್ಕಿಯು ಮೊಟ್ಟೆಯ ಮೇಲಿನ ಮಮತೆಯಿಂದ ಅಪಾಯದ ಮುಂದೆಯೂ ಅಲುಗದೆ ಕೂರುವುದುಂಟು. ಟಿಟ್ಟಿಭದ ಮರಿಗಳೂ ತಂದೆ ತಾಯಿಗಳ ಕೂಗು ಕೇಳಿದೊಡನೆ ನೆಲಕ್ಕೆ ಅಂಟಿ ಅಡಗುತ್ತವೆ. ಅಲುಗದಿರುವುದು ಅನುಮತಿಯಲ್ಲ.

ಶಂಕೆ: ಈಗಾಗಲೇ ಹತ್ತು ಜನ ತೆಗೆದಿದ್ದಾರೆ, ನಾನೊಬ್ಬನು ಬಿಟ್ಟರೆ ಆಗುವುದೇನು?

ಸಮಾಧಾನ: ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಆಸ್ರವವುಂಟು. ಹನ್ನೊಂದನೆಯವನ ಚಿತ್ರವನ್ನು ಕಂಡು ಹನ್ನೆರಡನೆಯವನು ಬರುತ್ತಾನೆ. ಗೂಡಿನ ಸ್ಥಳವನ್ನು ತಿಳಿಸಿ ಚಿತ್ರವನ್ನು ಹಂಚುವುದು ಕಾರಿತವಾದರೆ, ಅಂಥ ಚಿತ್ರವನ್ನು ಮೆಚ್ಚುವುದು ಅನುಮೋದನೆ.

ಐದು ಅತಿಚಾರಗಳ ಮನನ

ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತಾನು ಗೆರೆಯನ್ನು ದಾಟದಿದ್ದರೂ ಗೆರೆಯಾಚೆಯ ಕಾರ್ಯವನ್ನು ಉಪಾಯದಿಂದ ಸಾಧಿಸುವ ಮನಸ್ಸಿನ ಕಪಟವನ್ನು ಇವು ತೋರಿಸುತ್ತವೆ. ಗೂಡಿನ ಸುತ್ತ ನಾವು ಒಂದು ಗೆರೆಯನ್ನು ಭಾವಿಸಿ ಇವನ್ನು ಅನ್ವಯಿಸಿ ನೋಡಬೇಕು.

ಆನಯನ: ಆಚೆಯದನ್ನು ಈಚೆಗೆ ತರಿಸುವುದು. ಮರಿಯನ್ನು ಬೆಳಕಿಗೆ ತರಿಸುವುದು, ಗೂಡಿಗೆ ಮರೆಯಾದ ರೆಂಬೆಯನ್ನು ಎಳೆದು ತೆಗೆಸುವುದು ಇದಕ್ಕೆ ಸಮಾನ. ಎಲೆಯ ಮರೆ ಹೋದ ಗೂಡಿಗೆ ಬಿಸಿಲೂ ಬೀಳುತ್ತದೆ, ಶತ್ರುವಿನ ಕಣ್ಣೂ ಬೀಳುತ್ತದೆ.

ಪ್ರೇಷ್ಯಪ್ರಯೋಗ: ಬೇರೊಬ್ಬನನ್ನು ಕಳುಹಿಸುವುದು. ಹುಡುಗನಿಗೆ ಹಣ ಕೊಟ್ಟು ಮರ ಹತ್ತಿಸುವುದೂ, ಕ್ಯಾಮೆರಾ ಹೊತ್ತ ಡ್ರೋನನ್ನು ಹದ್ದಿನ ಗೂಡಿನ ಮೇಲೆ ಹಾರಿಸುವುದೂ ಒಂದೇ.

ಶಬ್ದಾನುಪಾತ: ಶಬ್ದದಿಂದ ಕಾರ್ಯ ಸಾಧಿಸುವುದು. ಚಪ್ಪಾಳೆ ತಟ್ಟುವುದು, ಮುದ್ರಿಸಿದ ಹಕ್ಕಿಯ ಕೂಗನ್ನು ಕೇಳಿಸಿ ಅದನ್ನು ಹೊರಗೆ ಬರಿಸುವುದು.

ರೂಪಾನುಪಾತ: ತನ್ನ ರೂಪವನ್ನು ತೋರಿಸುವುದು. ಹಕ್ಕಿಯು ಎದ್ದು ನಿಲ್ಲಲೆಂದು, ರೆಕ್ಕೆ ಬಿಚ್ಚಲೆಂದು ಮುಂದೆ ಸುಳಿಯುವುದು.

ಪುದ್ಗಲಕ್ಷೇಪ: ಕಲ್ಲು ಮೊದಲಾದುವನ್ನು ಎಸೆಯುವುದು. ಹಾರುವ ಹಕ್ಕಿಯ ಚಿತ್ರಕ್ಕಾಗಿ ಹರಳೆಸೆಯುವ ಅಭ್ಯಾಸಕ್ಕೆ ಇದಕ್ಕಿಂತ ನೇರವಾದ ಹೆಸರು ಬೇಕಿಲ್ಲ.

ಬೇಟೆಯ ಅರ್ಥ

ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ಬೇಟೆಯನ್ನು ಬಿಟ್ಟವರೆಂದು ನಾವು ನಿಶ್ಚಿಂತರಾಗಿದ್ದೇವೆ. ೧೯೭೨ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮವು ಬೇಟೆಯೆಂಬ ಮಾತಿಗೆ ಅರ್ಥ ಹೇಳುವಾಗ, ಕಾಡುಹಕ್ಕಿಗಳ ಮೊಟ್ಟೆಯನ್ನು ಕೆಡಿಸುವುದನ್ನಷ್ಟೇ ಅಲ್ಲ, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನೂ ಅದರಲ್ಲಿ ಸೇರಿಸಿದೆ. ರಾಜ್ಯಶಾಸನವೇ ಇದನ್ನು ಬೇಟೆಯೆಂದಿರುವಾಗ, ಸೂಕ್ಷ್ಮಜೀವಿಗಳಿಗೂ ನೋವಾಗದಂತೆ ನೀರು ಸೋಸುವ ಮನೆಯವರು ಅದಕ್ಕಿಂತ ಸಡಿಲವಾದ ಅರ್ಥವನ್ನು ಹಿಡಿಯುವುದು ಉಚಿತವಲ್ಲ.

ಹಾಗಾದರೆ ಹಕ್ಕಿಯನ್ನು ನೋಡಲೇಬಾರದೆ?

ನೋಡಬಹುದು, ಮಕ್ಕಳಿಗೆ ತೋರಿಸಲೂ ಬೇಕು. ಗೂಡಿನಿಂದ ದೂರದಲ್ಲಿ ಮೇಯುವ, ಹಾರುವ ಹಕ್ಕಿಗಳು ತೀರದಲ್ಲಿ ಬೇಕಾದಷ್ಟಿವೆ. ಮೀನುದೋಣಿಗಳ ಮೇಲೆ ಸುತ್ತುವ ಗರುಡ, ಅಳಿವೆಯಲ್ಲಿ ನಿಲ್ಲುವ ಬೆಳ್ಳಕ್ಕಿ, ಚಳಿಗಾಲದಲ್ಲಿ ಉತ್ತರದೇಶಗಳಿಂದ ಬರುವ ಗಲ್ ಹಕ್ಕಿಗಳು ಇವನ್ನು ದೂರದಿಂದ ನೋಡಿ ಚಿತ್ರ ತೆಗೆಯಬಹುದು. ವಿಶ್ರಮಿಸುವ ಗುಂಪಿನೊಳಗೆ ಓಡಿ ಎಬ್ಬಿಸಬಾರದು. ಹಕ್ಕಿಯು ತನ್ನ ಕೆಲಸವನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರೆ ಗೆರೆ ದಾಟಿತೆಂದು ತಿಳಿದು ಹಿಂದೆ ಸರಿಯುವುದೇ ಯತ್ನಾಚಾರ.

ಪ್ರವಾಸದ ನಿಯಮ

ಪ್ರವಾಸ ಹೊರಡುವ ಮುನ್ನ ಜಿನದರ್ಶನ ಮಾಡಿ, ಮರಳುವವರೆಗಿನ ಕಾಲಕ್ಕೆ ಕುಟುಂಬದವರೆಲ್ಲರೂ ಈ ನಿಯಮಗಳನ್ನು ಸ್ವೀಕರಿಸಬಹುದು.

೧. ಮೊಟ್ಟೆ ಅಥವಾ ಮರಿಯಿರುವ ಗೂಡಿನ ಚಿತ್ರವನ್ನು ತೆಗೆಯುವುದಿಲ್ಲ, ತೆಗೆಸುವುದಿಲ್ಲ, ಮೆಚ್ಚುವುದಿಲ್ಲ.
೨. ಗೂಡು ಅಕಸ್ಮಾತ್ ಕಂಡರೆ ನಿಲ್ಲದೆ, ಬಂದ ದಾರಿಯಲ್ಲೇ ನೆಲವನ್ನು ನೋಡುತ್ತ ಹಿಂದಿರುಗುತ್ತೇವೆ.
೩. ಗೂಡಿನ ಸ್ಥಳವನ್ನು ಬೇರೆಯವರಿಗೆ ಹೇಳುವುದಿಲ್ಲ.
೪. ಉಳಿದ ತಿಂಡಿಯನ್ನು ತೀರದಲ್ಲಿ ಬಿಸುಡುವುದಿಲ್ಲ. ಅದು ಕಾಗೆ, ನಾಯಿಗಳನ್ನು ಗೂಡುಗಳ ಬಳಿಗೆ ಕರೆಯುತ್ತದೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಶಬ್ದಾದಿ ವಿಷಯಗಳ ಔತ್ಸುಕ್ಯವನ್ನು ಬಿಟ್ಟು ಪಂಚೇಂದ್ರಿಯಗಳು ಒಳಗೆ ನೆಲೆಸುವುದೇ ಉಪವಾಸವೆಂದು ವಿವರಿಸಿದ್ದಾರೆ. ಆದುದರಿಂದ ಹೊಟ್ಟೆಗೆ ಮಾತ್ರವಲ್ಲ, ಕಣ್ಣಿಗೂ ಉಪವಾಸವುಂಟು. ಸುಂದರವಾದುದು ಎದುರಿಗಿದ್ದೂ, ತಡೆಯುವವರು ಯಾರೂ ಇಲ್ಲದಿದ್ದೂ, ಒಂದು ಮರಿಯ ತುತ್ತಿಗಾಗಿ ಕ್ಯಾಮೆರಾವನ್ನು ಕೆಳಗಿಳಿಸುವುದು ಅಂಥ ಉಪವಾಸ. ಸಂಜೆಯ ಸಾಮಾಯಿಕದಲ್ಲಿ ‘ಇಂದು ನನ್ನ ದೆಸೆಯಿಂದ ಯಾವ ಹಕ್ಕಿಯಾದರೂ ಗೂಡು ಬಿಟ್ಟು ಹಾರಿತೇ?’ ಎಂದು ಆಲೋಚನೆ ಮಾಡಿಕೊಳ್ಳುವವನ ಪ್ರವಾಸವು ವ್ರತಸಹಿತವಾಗುತ್ತದೆ.

ಮನನಕ್ಕೆ ಪ್ರಶ್ನೆಗಳು

೧. ಆರಂಭೀ ಹಿಂಸೆಗೂ ಅನರ್ಥದಂಡಕ್ಕೂ ಇರುವ ವ್ಯತ್ಯಾಸವೇನು?
೨. ಟಿಟ್ಟಿಭವು ಬೇಸಿಗೆಯಲ್ಲಿ ಮೊಟ್ಟೆಗಳನ್ನು ಹೇಗೆ ಕಾಯುತ್ತದೆ? ನಾವು ಬಳಿಯಲ್ಲಿ ನಿಂತರೆ ಏನಾಗುತ್ತದೆ?
೩. ದೇಶವ್ರತದ ಐದು ಅತಿಚಾರಗಳಿಗೆ ನಿಮ್ಮ ಅನುಭವದಿಂದ ಒಂದೊಂದು ಉದಾಹರಣೆ ಕೊಡಿರಿ.
೪. ಮುಂದಿನ ಪ್ರವಾಸಕ್ಕೆ ನಿಮ್ಮ ಮನೆಯವರು ಸ್ವೀಕರಿಸುವ ನಿಯಮವನ್ನು ಬರೆದಿಡಿರಿ.