ಸ್ಪರ್ಶ ತಿಳಿಯದ ಮಚ್ಚೆ

ಮೈಮೇಲೆ ಮಾಸಲು ಮಚ್ಚೆ ಕಂಡರೆ ಸಿಬ್ಬವೆಂದು ಸುಮ್ಮನಿರುವವರೇ ಬಹಳ. ವೈದ್ಯರಾದ ನಾವೂ ಒಮ್ಮೆ ಹಾಗೆಯೇ ಎಡವಿದೆವು. ಗುಂಡ್ಲುಪೇಟೆ ಕಡೆಯ ಅರಿಶಿನ ಬೆಳೆಗಾರರೊಬ್ಬರ ಮುಂಗೈ ಮಚ್ಚೆಗೆ ಎರಡು ತಿಂಗಳು ತೈಲ ಕೊಟ್ಟೆವು. ಅರಿಶಿನ ಬೇಯಿಸುವಾಗ ಕೊಪ್ಪರಿಗೆ ತಗುಲಿ ಅಲ್ಲಿ ಬೊಬ್ಬೆಯೆದ್ದರೂ ನೋವಾಗಲಿಲ್ಲವೆಂದು ಅವರು ಹೇಳಿದಾಗ ಬೆಚ್ಚಿದೆವು. ಚರಕಸಂಹಿತೆಯ 18 ಕುಷ್ಠಗಳ ಹೆಸರನ್ನು ಕಂಠಪಾಠ ಮಾಡಿದ್ದ ನಾವು ಹತ್ತಿಯೆಳೆಯಿಂದ ಮುಟ್ಟಿ ಸ್ಪರ್ಶಜ್ಞಾನವನ್ನು ಪರೀಕ್ಷಿಸಿರಲಿಲ್ಲ! ಚಾಮರಾಜನಗರದ ಚರ್ಮರೋಗ ತಜ್ಞರು ಕುಷ್ಠರೋಗವೆಂದು ನಿರ್ಧರಿಸಿದರು. ಇದು ಶಾಪವಲ್ಲ, ರೋಗಾಣುವಿನಿಂದ ಬರುವ, ಗುಣವಾಗುವ ರೋಗ. ತಡವಾದರೆ ಮಾತ್ರ ನರ ಸೊರಗಿ ಬೆರಳುಗಳು ಮಡಚಿಕೊಳ್ಳುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹು ಔಷಧ ಚಿಕಿತ್ಸೆ ಉಚಿತ. ರೋಗದ ಹರವನ್ನು ನೋಡಿ 6 ಅಥವಾ 12 ತಿಂಗಳು. ಆ ಬೆಳೆಗಾರರ ಕೈ ಉಳಿಯಿತು. ಸ್ಪರ್ಶ ತಿಳಿಯದ ಮಚ್ಚೆಯಿರುವ ಭಕ್ತರು ನಮ್ಮ ತೈಲಕ್ಕೆ ಕಾಯದೆ ಮೊದಲು ತಜ್ಞರನ್ನು ಕಾಣಬೇಕು.