ಹಬ್ಬಕ್ಕೊಂದು ಕಾಗದ

ದೀಪಾವಳಿ ಬಂತು. ನಮ್ಮ ಶಿಕಾರಿಪುರ, ಸೊರಬದ ಕಡೆ ಇದು ದೊಡ್ಡ ಹಬ್ಬ. ದನಕರುಗಳ ಮೈ ತೊಳೆಯಬೇಕು. ಗೋಪೂಜೆ ಮಾಡಬೇಕು. ಆಮೇಲೆ ಹೋರಿ ಬೆದರಿಸುವ ಗದ್ದಲ. ಇಷ್ಟೆಲ್ಲ ಕೆಲಸ ಇದ್ದರೂ ತಾಯಿಯ ಮನಸ್ಸು ಮಗಳನ್ನು ಕೊಟ್ಟ ಊರಿನ ಕಡೆಗೇ ಇರುತ್ತದೆ. "ಈ ಸಲ ಬರ್ತಾಳೋ, ಇಲ್ವೋ?"

ಮೊದಲು ನಾವು ಏನು ಮಾಡುತ್ತಿದ್ದೆವು? ಕಾಗದ ಹಾಕುತ್ತಿದ್ದೆವು. ಯುಗಾದಿಗೆ, ದೀಪಾವಳಿಗೆ, ಸಂಕ್ರಾಂತಿಗೆ ಕಾರ್ಡು ಕಳಿಸುವ ರೂಢಿ ಇತ್ತು. ಪೇಟೆ ಅಂಗಡಿಗಳಲ್ಲಿ ಬಣ್ಣಬಣ್ಣದ ಗ್ರೀಟಿಂಗ್ಸ್ ಕಾರ್ಡು ಮಾರುತ್ತಿದ್ದರು. ಸಂಕ್ರಾಂತಿ ಕಾರ್ಡಿನ ಜೊತೆ ನಾಲ್ಕು ಕಾಳು ಎಳ್ಳು ಇಟ್ಟು ಕಳಿಸುವವರೂ ಇದ್ದರು. ಅಂಚೆಯಣ್ಣನ ಸೈಕಲ್ ಬೆಲ್ ಕೇಳಿದರೆ ಸಾಕು, ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆವು.

ಆದರೆ ಅಕ್ಕಂದಿರೇ, ಆಗ ನಮ್ಮಲ್ಲಿ ಎಷ್ಟೋ ಜನಕ್ಕೆ ಓದು ಬರುತ್ತಿರಲಿಲ್ಲ. ಕಾಗದ ಬರೆಸಲು ಪಕ್ಕದ ಮನೆ ಹುಡುಗ ಬೇಕು. ಓದಿಸಲೂ ಅವನೇ ಬೇಕು. "ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಂತ ಬರೆಸಿ ಸುಮ್ಮನಾಗುತ್ತಿದ್ದೆವು. ಅತ್ತೆ ಮನೆಯಲ್ಲಿ ಮಗಳು ಸುಖವಾಗಿದ್ದಾಳೋ? ಇದನ್ನು ಬೇರೆಯವರ ಕೈಲಿ ಬರೆಸಿ ಕೇಳುವುದು ಹೇಗೆ? ಮಗಳ ಪಾಡೂ ಅಷ್ಟೇ. ಅವಳ ಕಾಗದವನ್ನು ಗಂಡನ ಮನೆಯವರು ಯಾರೋ ಬರೆಯುತ್ತಿದ್ದರು. ಅವಳ ಕಷ್ಟ ಅದರಲ್ಲಿ ಬರುತ್ತಿರಲಿಲ್ಲ.

ಹಬ್ಬದ ಕಾರ್ಡು ಎಲ್ಲಿಂದ ಬಂತು ಗೊತ್ತೇ? 1843ರಲ್ಲಿ ಲಂಡನ್ ಪಟ್ಟಣದಲ್ಲಿ ಹೆನ್ರಿ ಕೋಲ್ ಎಂಬುವರು ಇದ್ದರು. ಕ್ರಿಸ್‌ಮಸ್ ಹಬ್ಬಕ್ಕೆ ಎಲ್ಲರಿಗೂ ಬೇರೆಬೇರೆ ಕಾಗದ ಬರೆಯಲು ಅವರಿಗೆ ಪುರುಸೊತ್ತಿಲ್ಲ. ಒಂದು ಚಿತ್ರ ಬರೆಸಿ, ಕಾರ್ಡು ಅಚ್ಚು ಹಾಕಿಸಿದರು. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಆಗ ಅದರ ಬೆಲೆ ಕಾಲಾಣೆ. ಬಡವರೂ ಕೊಳ್ಳಬಹುದಿತ್ತು.

ಈಗ ಮೊಬೈಲ್ ಬಂದಿದೆ. ಹಬ್ಬದ ದಿನ ಬೆಳಿಗ್ಗೆಯೇ ಅದರಲ್ಲಿ ದೀಪದ ಚಿತ್ರ ಬರುತ್ತದೆ. ಒಂದೇ ಚಿತ್ರ ನೂರು ಜನಕ್ಕೆ ಹೋಗುತ್ತದೆ. ಕಾರ್ಡು ಹಾಕುವವರು ಕಡಿಮೆಯಾದರು. ಮೊಬೈಲ್ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಮಗಳ ದನಿ ಕೂಡಲೇ ಕೇಳುತ್ತದೆ. ಅದು ದೊಡ್ಡ ಸಂತೋಷ. ಆದರೆ ಆ ಫೋನು ಯಾರ ಕೈಯಲ್ಲಿದೆ? ಎಷ್ಟೋ ಮನೆಗಳಲ್ಲಿ ಗಂಡನ ಹತ್ತಿರ ಇರುತ್ತದೆ, ಇಲ್ಲವೇ ಮಗನ ಹತ್ತಿರ. ಮಾತಾಡುವಾಗ ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ. ಮನಸ್ಸಿನ ಮಾತು ಅಲ್ಲೂ ಉಳಿದೇ ಹೋಗುತ್ತದೆ.

ನೋಡಿ, ಎಂಥ ವಿಚಿತ್ರ! ಕಾಗದ ಬರೆಯುವ ಕಾಲದಲ್ಲಿ ನಮಗೆ ಅಕ್ಷರ ಇರಲಿಲ್ಲ. ಅಕ್ಷರ ಬಂದಾಗ ಕಾಗದವೇ ಮರೆತುಹೋಗುತ್ತಿದೆ. ಅದಕ್ಕೇ ಈ ಹಬ್ಬಕ್ಕೆ ಒಂದು ಕಾಗದ ಬರೆಯೋಣ. ನಮ್ಮ ಕೈಯಿಂದಲೇ ಬರೆಯೋಣ. ಅಕ್ಷರ ಸೊಟ್ಟಗಾದರೂ ನಾಚಿಕೆ ಬೇಡ. ಮಗಳು ಅದನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾಳೆ. ಬೇಕಾದಾಗ ತೆಗೆದು ಓದುತ್ತಾಳೆ.

ಕಾರ್ಡಿಗೆ ಚಿತ್ರ ಬೇಕೇ? ಅಂಗಡಿಗೆ ಹೋಗುವುದೇ ಬೇಡ. ಸೊರಬ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ಅರೆದು ಬಿಳಿ ಬಣ್ಣ ಮಾಡುತ್ತಾರೆ. ಪುಂಡಿ ನಾರಿನಿಂದ ಗೆರೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತಾರೆ. ಚಿತ್ತಾರ, ರಂಗೋಲಿ ಬರೆಯುವ ಕೈಗೆ ಕಾರ್ಡಿನ ಮೂಲೆಯಲ್ಲಿ ಒಂದು ದೀಪ ಬರೆಯುವುದು ಕಷ್ಟವೇ?

ಒಬ್ಬ ತಾಯಿ ಹೀಗೆ ಬರೆಯಬಹುದು:

ಶಿಕಾರಿಪುರ
ಮಗಳಿಗೆ ಅವ್ವನ ಆಶೀರ್ವಾದ.
ನಾವೆಲ್ಲ ಚೆನ್ನಾಗಿದ್ದೇವೆ. ಕರಿ ಹಸು ಕರು ಹಾಕಿದೆ. ದೀಪಾವಳಿಗೆ ನೀನು, ಅಳಿಯಂದಿರು, ಮಕ್ಕಳು ಬನ್ನಿ. ಈ ಕಾಗದ ನಾನೇ ಬರೆದದ್ದು. ನೀನೂ ನಿನ್ನ ಕೈಯಿಂದಲೇ ಬರಿ.
ನಿನ್ನ ಅವ್ವ

ನೆನಪಿಡಿ:

1. ಅಂಚೆ ಕಾರ್ಡು ತೆರೆದ ಕಾಗದ. ಯಾರು ಬೇಕಾದರೂ ಓದಬಹುದು. ಹಬ್ಬದ ಶುಭಾಶಯಕ್ಕೆ ಅದು ಸಾಕು. ಮನಸ್ಸಿನ ಮಾತಿಗೆ ಅಂಟಿಸುವ ಇನ್‌ಲ್ಯಾಂಡ್ ಕಾಗದ ಅಥವಾ ಲಕೋಟೆ ಒಳ್ಳೆಯದು.

2. ವಿಳಾಸದಲ್ಲಿ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಬರೆಯಿರಿ.

3. ಕೊನೆಗೆ ಪಿನ್‌ಕೋಡ್ ಬರೆಯಿರಿ. ಇದು 1972ರಲ್ಲಿ ಬಂತು. ಇದರಲ್ಲಿ ಆರು ಅಂಕಿ. ಶಿಕಾರಿಪುರ ಪೇಟೆಗೆ 577427. ಸೊರಬ ಪೇಟೆಗೆ 577429. ನಿಮ್ಮ ಹಳ್ಳಿಯದನ್ನು ಅಂಚೆ ಕಚೇರಿಯಲ್ಲಿ ಕೇಳಿ.

4. ಹಬ್ಬಕ್ಕೆ ಎಂಟು ಹತ್ತು ದಿನ ಮೊದಲೇ ಡಬ್ಬಿಗೆ ಹಾಕಿ.

ಮಾತಾಡಿ, ಬರೆಯಿರಿ:

ನಿಮ್ಮ ಮನೆಗೆ ಬಂದ ಕಾಗದವನ್ನು ಮೊದಲು ಯಾರು ಓದುತ್ತಿದ್ದರು?
ನೀವು ಹೇಳಬೇಕೆಂದು, ಬರೆಸಲಾಗದೆ ಬಿಟ್ಟ ಮಾತು ಯಾವುದು?
ಆ ಮಾತನ್ನು ಈಗ ನೀವೇ ಬರೆಯಿರಿ.